ಸುರ್ಮಾಕಾನಳ ಕರು

ಆ ಚಳಿಗಾಲ ನರೀನ್ ಪೇಟೆಯಲ್ಲಿ ಇಬ್ಬರು ಎದುರುಬದುರಾದರೆ ಮೊದಲು ವಿಚಾರಿಸುತ್ತಿದ್ದುದು ಆರೋಗ್ಯವನ್ನಲ್ಲ. "ಸುರ್ಮಾಕಾನಳ ಕರು ಇವತ್ತು ಎದ್ದಿತಾ?" ಎಂದು ಕೇಳುತ್ತಿದ್ದರು, ಕೇಳಿ ನಗುತ್ತಿದ್ದರು. ಆಡುವವರ ಬಾಯಿಗೆ ಮುಚ್ಚಳ ಹಾಕಲಾದೀತೇ?

ಆ ಕರುವಿಗೆ ಕಾಲೂ ಇಲ್ಲ, ಬಾಲವೂ ಇಲ್ಲ. ಅದು ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂರುವ ಗ್ರಾಫಿಕ್ಸ್ ಕಾರ್ಡು. ಇಟ್ಟಿಗೆಯಷ್ಟು ದಪ್ಪ, ಮೈತುಂಬ ಫ್ಯಾನು. ಆದರೆ ಶರತ್ಕಾಲದವರೆಗೆ ಅದು ಸುರ್ಮಾಕಾನಳ ಕೊಟ್ಟಿಗೆಯಲ್ಲಿ ಹುಲ್ಲು ಮೇಯುತ್ತಿದ್ದ ಕೆಂಚು ಕಡಸಾಗಿತ್ತು. ಅದನ್ನು ದನದ ಸಂತೆಗೆ ಹೊಡೆದು, ಬಂದ ದುಡ್ಡನ್ನು ಕಿರಿಸೊಸೆ ತೊಲ್ಕುನಳ ಕೈಗೆ ತುರುಕಿ, "ತಗೋ ಬಾಲಮ್, ನಿನ್ನ ಯಂತ್ರಕ್ಕೆ ಏನು ಬೇಕೋ ತಂದುಕೋ" ಅಂದಿದ್ದಳು ಮುದುಕಿ. ಬಾಲಮ್ ಅಂದರೆ ಮಗಳೇ ಅಂದ ಹಾಗೆ. ಹಾಗೆ ಕರೆಸಿಕೊಂಡ ಸೊಸೆ ಆ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಇದಕ್ಕೆಲ್ಲ ಕಾರಣ ಒಂದು ಮೇಕೆ. ಹಿಮದ ಮುದುಕನ ಗಡ್ಡವನ್ನು ಮೇಕೆಯೊಂದು ತಿಂದು ಮುಗಿಸಿದ್ದರಿಂದ ವಸಂತ ಬಂತು ಎಂಬ ಕಥೆಯನ್ನು ಸುರ್ಮಾಕಾನ್ ಬೀದಿಯ ಮಕ್ಕಳಿಗೆಲ್ಲ ಹೇಳುತ್ತಿದ್ದಳು. ಮದುವೆಗೆ ಮುಂಚೆ ರಾಜಧಾನಿ ಬಿಷ್ಕೆಕ್‌ನಲ್ಲಿ ಕಾರ್ಟೂನು ಮಾಡುವುದನ್ನು ಕಲಿತಿದ್ದ ತೊಲ್ಕುನ್, ಅತ್ತೆಯ ದನಿಯಲ್ಲೇ ಆ ಕಥೆಯನ್ನು ರೆಕಾರ್ಡು ಮಾಡಿಕೊಂಡು, ಅದಕ್ಕೆ ಚಿತ್ರ ಕಟ್ಟಲು ಕೂತಳು. ಊರಿನ ಮಕ್ಕಳು ನೋಡುವ ಕಾರ್ಟೂನೆಲ್ಲ ರಷ್ಯನ್ನಿನಲ್ಲಿ. ತಮ್ಮ ಮನೆಮಾತಿನಲ್ಲಿ, ತಮ್ಮೂರ ಅಜ್ಜಿಯ ದನಿಯಲ್ಲಿ ಒಂದು ಮೇಕೆ ಮಾತಾಡಿದರೆ ಹೇಗಿರುತ್ತದೆ ಎಂದು ಅವಳಿಗೆ ನೋಡಬೇಕಿತ್ತು. ವಸಂತದ ಹೊಸವರ್ಷ ನೂರೂಜ್ ಹಬ್ಬದ ದಿನ ಸಂಸ್ಕೃತಿ ಭವನದಲ್ಲಿ ತೋರಿಸುತ್ತೇನೆ ಎಂದು ಭವನದ ಹಿರಿಯರಿಗೆ ಮಾತು ಕೊಟ್ಟದ್ದೂ ಆಯಿತು. ಸುರ್ಮಾಕಾನ್ ಸುಮ್ಮನಿರುವವಳೇ? ಅಕ್-ತಾಲಾದ ನೆಂಟರಿಂದ ಹಿಡಿದು ಹಾಲು ಕೊಳ್ಳಲು ಬರುವವರ ತನಕ ಎಲ್ಲರನ್ನೂ ಕರೆದುಬಿಟ್ಟಳು. ಚಿತ್ರ ಮುಗಿಯದಿದ್ದರೆ ಆಗುವ ಮುಖಭಂಗ ತನಗಲ್ಲ, ಅತ್ತೆಗೆ ಎಂಬುದು ತೊಲ್ಕುನಳ ನಿದ್ದೆ ಕೆಡಿಸಿತು.

ಕಾರ್ಡು ಮೊದಮೊದಲು ಹೇಳಿದ ಮಾತು ಕೇಳಿತು. ಆಮೇಲೆ ಶುರುವಾಯಿತು ಅದರ ಆಟ. ಬೆಳಿಗ್ಗೆ ಗುಂಡಿ ಒತ್ತಿದರೆ ಕಂಪ್ಯೂಟರ್ ಏಳುತ್ತದೆ, ಕಾರ್ಡಿನ ಫ್ಯಾನೂ ತಿರುಗುತ್ತದೆ, ಆದರೆ ತನ್ನ ಹೊಟ್ಟೆಯಲ್ಲಿ ಅಂಥದ್ದೊಂದು ಕಾರ್ಡಿದೆ ಎಂಬುದೇ ಕಂಪ್ಯೂಟರಿಗೆ ಗೊತ್ತಿಲ್ಲ. ಕಾರ್ಡಿಲ್ಲದೆ ತೊಲ್ಕುನಳ ಮೇಕೆ ಒಂದು ಹೆಜ್ಜೆ ಇಡಬೇಕಾದರೆ ಅರ್ಧ ದಿನ. ಒಲೆಗೆ ಕಲ್ಲಿದ್ದಲು ಹಾಕಿ, ಕೋಣೆ ಬೆಚ್ಚಗಾದ ಮೇಲೆ ಮತ್ತೆ ಒತ್ತಿದರೆ ಕೆಲವು ದಿನ ಏನೂ ಆಗಿಲ್ಲವೆಂಬಂತೆ ಕಾರ್ಡು ಹಾಜರು. ಕೆಲವು ದಿನ ಅದೂ ಇಲ್ಲ. ಇನ್ನು ಕೆಲವು ದಿನ ಕೆಲಸದ ನಡುವೆಯೇ ಪರದೆ ಕಪ್ಪಾಗಿ, ಕಟ್ಟಿದ ಚಿತ್ರವೆಲ್ಲ ನೀರಪಾಲು. ಪೂರ್ತಿ ಕೆಟ್ಟದ್ದಾದರೆ ಎಸೆಯಬಹುದು, ಸರಿ ಇದ್ದರೆ ದುಡಿಸಿಕೊಳ್ಳಬಹುದು. ಇದು ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

"ಎದ್ದಿತಾ ಕರು?" ಎಂದು ಬೆಳಗಿನ ಚಹಾದ ಹೊತ್ತಿಗೆ ಸುರ್ಮಾಕಾನ್ ಕೇಳುತ್ತಿದ್ದಳು.

"ಇಲ್ಲ ಅಪಾ. ಮಲಗಿದೆ." ಅತ್ತೆಯನ್ನು ತೊಲ್ಕುನ್ ಅವ್ವಾ ಎಂಬ ಅರ್ಥದಲ್ಲಿ ಅಪಾ ಎನ್ನುತ್ತಿದ್ದಳು.

"ಕಣ್ಣು ಬಿದ್ದಿದೆ ಅದಕ್ಕೆ. ಬಾತ್ಮಾ ಮೊನ್ನೆ ಬಂದು ಹೇಗೆ ನೋಡಿದ್ಲು, ನೀನು ನೋಡ್ಲಿಲ್ವಾ?"

ಬಾತ್ಮಾ ಅಂದರೆ ಹಿರಿಸೊಸೆ, ತೊಲ್ಕುನಳ ಓರಗಿತ್ತಿ. ಬೇಲಿಯಾಚೆ ಬೇರೆ ಮನೆ ಮಾಡಿಕೊಂಡಿದ್ದರೂ ಮೂಗು ಮಾತ್ರ ಬೇಲಿಯ ಈಚೆಗೇ ಇರುತ್ತಿತ್ತು. ದಿನಕ್ಕೊಮ್ಮೆಯಾದರೂ ಬಂದು, ಹೊಸಿಲ ಮೇಲೆ ನಿಂತು, ಗಾಯದ ಮೇಲೆ ಉಪ್ಪು ಸವರಿ ಹೋಗದಿದ್ದರೆ ಅವಳಿಗೆ ಊಟ ಸೇರದು.

"ಕಡಸು ಇದ್ದಿದ್ರೆ ಈ ವಸಂತಕ್ಕೆ ಗಬ್ಬ ಆಗ್ತಿತ್ತು. ಇದು ಏನು ಈಯುತ್ತೆ ಹುಡುಗೀ? ವಾಪಸ್ ಕೊಟ್ಟು ನಮ್ಮತ್ತೆ ಕಡಸು ತಂದುಕೊಡು."

"ಹಬ್ಬ ಬರಲಿ ಎಜೆ, ಏನು ಈಯುತ್ತೆ ಅಂತ ನೋಡೋರಂತೆ," ಎಂದು ಓರಗಿತ್ತಿಯನ್ನು ಅಕ್ಕನೆಂದೇ ಕರೆದು ತೊಲ್ಕುನ್ ನಗುತ್ತಲೇ ಹೇಳುತ್ತಿದ್ದಳು. ನಗು ತುಟಿಯ ಮೇಲಷ್ಟೇ ಇತ್ತು.

ಅವಳು ಕೈಕಟ್ಟಿ ಕೂತವಳಲ್ಲ. ಕಾರ್ಡಿಗೆ ಕರೆಂಟು ಕೊಡುವ ವೈರು ಬದಲಿಸಿ ನೋಡಿದಳು. ತಂತ್ರಾಂಶವೆಲ್ಲ ಅಳಿಸಿ ಹೊಸದಾಗಿ ಹಾಕಿದಳು. ಭಾರಕ್ಕೆ ಕಾರ್ಡಿನ ಮೂತಿ ಜೋಲುತ್ತಿದೆಯೋ ಎಂದು ಅನುಮಾನ ಬಂದಾಗ, ಮಕ್ಕಳು ಆಡುವ ಕುರಿಯ ಕಾಲುಗೆಣ್ಣಿನ ಮೂಳೆಯೊಂದನ್ನು ಅದರ ಕೆಳಗೆ ಆಸರೆಯಾಗಿ ಇಟ್ಟಳು. ಅದು ಅಳತೆ ತೆಗೆದು ಮಾಡಿಸಿದಂತೆ ಕೂತಿತು. ರೋಗ ಮಾತ್ರ ಕೂತಲ್ಲಿಂದ ಏಳಲಿಲ್ಲ. ವಾರಕ್ಕೆ ಎರಡು ಸಲವಾದರೂ ಕಾರ್ಡನ್ನು ಕಳಚಿ, ಮೇಜಿನ ಮೇಲೆ ಬಟ್ಟೆ ಹಾಸಿ ಮಲಗಿಸಿ, ಬ್ರಷ್ಷಿನಿಂದ ಧೂಳು ಕೊಡವುತ್ತಿದ್ದಳು. ಅಷ್ಟರಲ್ಲಿ ಹಸು ಕೂಗುತ್ತಿತ್ತು, ಇಲ್ಲವೇ ಹಿಟ್ಟು ಉಬ್ಬುತ್ತಿತ್ತು. ಸೊಸೆಯಾದವಳಿಗೆ ಕೂತ ಕೆಲಸ ಕೂತೇ ಮುಗಿಸುವ ಭಾಗ್ಯ ಎಲ್ಲಿಯದು? ಎದ್ದು ಹೋಗಿ ಆ ಕೆಲಸ ಮುಗಿಸಿ ಬಂದು, ಕಾರ್ಡನ್ನು ಮತ್ತೆ ಒಳಗೆ ಕೂರಿಸುತ್ತಿದ್ದಳು. ಕೂರಿಸಿದ ಕೂಡಲೇ ಕಾರ್ಡು ಎದ್ದು ಕುಣಿಯುತ್ತಿತ್ತು. ಮಾರನೆಯ ಬೆಳಿಗ್ಗೆ ಮತ್ತದೇ ಕಥೆ.

ಗಂಡ ತಿಲೆಕ್ ಬಿಷ್ಕೆಕ್ ದಾರಿಯಲ್ಲಿ ವ್ಯಾನು ಓಡಿಸುತ್ತಿದ್ದ. ಒಂದು ದಿನ ಅವನ ವ್ಯಾನಿನಲ್ಲೇ ಕಂಪ್ಯೂಟರನ್ನು ಮಗುವಿನ ಹಾಗೆ ಕಂಬಳಿಯಲ್ಲಿ ಸುತ್ತಿ, ಬಜಾರಿನಲ್ಲಿ ಕಬ್ಬಿಣದ ಕಂಟೇನರಿನೊಳಗೆ ರಿಪೇರಿ ಅಂಗಡಿ ಇಟ್ಟಿದ್ದ ಎರ್ಮೆಕ್‌ನ ಬಳಿ ಒಯ್ದರು. ಎರ್ಮೆಕ್ ಕಾರ್ಡು ಕಳಚಿ, ಊದಿ, ಹಾಕಿ, ಗುಂಡಿ ಒತ್ತಿದ. ಎದ್ದಿತು. ಮತ್ತೆ ಒತ್ತಿದ. ಮತ್ತೆ ಎದ್ದಿತು. ಅಂಗಡಿಯ ಹೀಟರು ಉರಿಯುತ್ತಿತ್ತು, ಕಾರ್ಡು ಮದುಮಗನ ಹಾಗೆ ಮಿಂಚುತ್ತಿತ್ತು.

"ತೊಲ್ಕುನ್ ಎಜೆ, ನಿಮ್ಮ ಕರುಗೆ ನನ್ನ ಕೊಟ್ಟಿಗೆನೇ ಇಷ್ಟ ಅನ್ಸುತ್ತೆ," ಅಂದ ಎರ್ಮೆಕ್. "ಇದರಲ್ಲಿ ಏನೂ ಇಲ್ಲ. ನಿಮ್ಮ ಮನೇಲೇ ಏನೋ ಇದೆ."

ಮನೆಯಲ್ಲೇ ಏನೋ ಇದೆ! ಆ ಮಾತು ಅವರಿಗಿಂತ ಮುಂಚೆ ಮನೆ ತಲುಪಿತು. ಬಾತ್ಮಾ ಬೇಲಿಗೆ ಒರಗಿ, "ರಿಪೇರಿಯವನೇ ಹೇಳಿದ್ನಂತೆ" ಎಂದು ಕೂಗಿ ಹೇಳಿದಳು. ಸುರ್ಮಾಕಾನ್ ನೇರ ಒಳಗೆ ಹೋಗಿ, ಗೂಟಕ್ಕೆ ಕಟ್ಟಿದ್ದ ಅರ್ಚಾ ಗಿಡದ ಒಣ ರೆಂಬೆಯಿಂದ ಒಂದು ಹಿಡಿ ಮುರಿದು, ಬಾಣಲೆಯ ಕೆಂಡದ ಮೇಲೆ ಹಾಕಿದಳು. ಬೆಟ್ಟದ ಗಿಡ ಅದು, ಮೈತುಂಬ ಅಂಟು. ಕೆಂಡ ಮುಟ್ಟಿದರೆ ಚಟಪಟ ಎಂದು ಬಿಳಿ ಹೊಗೆ ಉಗುಳುತ್ತದೆ. ಕಂಪ್ಯೂಟರಿನ ಸುತ್ತ ಬಾಣಲೆ ಸುತ್ತಿಸಿ ಮುದುಕಿ ಹಾಡಿದಳು: "ಅಲಾಸ್, ಅಲಾಸ್, ಪೀಡೆಯೆಲ್ಲ ಖಲಾಸ್!"

ತೊಲ್ಕುನ್ ತಾನೂ ತಲೆ ತಗ್ಗಿಸಿ ಹೊಗೆ ತೆಗೆದುಕೊಂಡಳು. ಹುಟ್ಟಿದ ಮಗುವಿಗೆ, ಕೊಂಡು ತಂದ ಕುದುರೆಗೆ, ದೂರ ಹೊರಟ ವ್ಯಾನಿಗೆ ಅರ್ಚಾ ಹೊಗೆ ಹಾಕದ ಮನೆ ಆ ಸೀಮೆಯಲ್ಲೇ ಇಲ್ಲ. ಕಾರ್ಡು ಮನೆಗೆ ಬಂದ ದಿನ, "ಅಪಾ, ಇದಕ್ಕೂ ಒಂದು ಸುತ್ತು ಹಾಕಿ" ಎಂದು ಕೇಳಿದವಳೂ ಅವಳೇ. ಉಸಿರಾಡುವುದನ್ನು ಯಾರು ಲೆಕ್ಕ ಇಡುತ್ತಾರೆ?

ಹಬ್ಬ ಹತ್ತಿರ ಬಂತು. ಮೇಕೆ ಇನ್ನೂ ಗಡ್ಡಕ್ಕೆ ಬಾಯಿಟ್ಟಿರಲಿಲ್ಲ. ಸುರ್ಮಾಕಾನ್ ನೆಂಟರನ್ನು ಮತ್ತೊಮ್ಮೆ ಕರೆಯಲೆಂದು ಅಕ್-ತಾಲಾಕ್ಕೆ ಹೋಗಿ ಅಲ್ಲೇ ಎರಡು ರಾತ್ರಿ ಉಳಿದಳು. ಮುದುಕಿ ಇಲ್ಲದ ಮನೆ ಬಣಗುಡುತ್ತಿತ್ತು. ತೊಲ್ಕುನ್ ಕಿಟಕಿ ತೆರೆದಿಟ್ಟು, ನೆಲ ಒರೆಸಿ, ಹಾಸಿದ ಜಮಖಾನಗಳನ್ನೆಲ್ಲ ಹಿಮದ ಮೇಲೆ ಬಡಿದು ತಂದು, ಒಲೆ ಹೊತ್ತಿಸಿ ಕೆಲಸಕ್ಕೆ ಕೂತಳು. ಎರಡನೆಯ ದಿನ ಮಧ್ಯಾಹ್ನ, ಮೇಕೆ ಬಾಯಿ ತೆರೆದು ಗಡ್ಡದ ಹತ್ತಿರ ಬಂದಿತ್ತು ಅಷ್ಟೆ, ಪರದೆ ಕಪ್ಪಾಯಿತು.

ಅವಳು ಅತ್ತಳು. ಸುಮ್ಮನೆ ಕಣ್ಣೊರೆಸಿಕೊಂಡದ್ದಲ್ಲ, ಮೇಜಿಗೆ ತಲೆಯಿಟ್ಟು ಬಿಕ್ಕಿದಳು. ಆಮೇಲೆ ಸಿಟ್ಟು ಬಂತು. ಆರುವ ತನಕ ಕಾಯುವ ವ್ಯವಧಾನವಿಲ್ಲದೆ ವೈರು ಕಿತ್ತು, ಮುಚ್ಚಳ ಬಿಚ್ಚಿ, ಬಿಸಿ ಕಾರ್ಡನ್ನೇ ಹೊರಗೆಳೆದಳು. ಆಗ ಮೂಗಿಗೆ ಒಂದು ವಾಸನೆ ಬಡಿಯಿತು.

ಅರ್ಚಾ.

ಮನೆಯಲ್ಲಿ ಎರಡು ದಿನದಿಂದ ಹೊಗೆ ಹಾಕಿದವರಿಲ್ಲ. ಕಿಟಕಿ ತೆರೆದು ತೊಳೆದ ಕೋಣೆ. ಅವಳು ಕಂಪ್ಯೂಟರಿನೊಳಗೆ ಮೂಗು ತೂರಿಸಿ, ಕಾರ್ಡು ಕೂರುವ ಉದ್ದನೆಯ ಸೀಳನ್ನು ಮೂಸಿದಳು. ವಾಸನೆ ಅಲ್ಲಿಂದಲೇ ಬರುತ್ತಿತ್ತು, ಹಬ್ಬದ ಬೆಳಗಿನಷ್ಟು ಗಾಢವಾಗಿ. ಕಾರ್ಡಿನ ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಬೆರಳಾಡಿಸಿದಳು. ಬೆರಳು ಅಂಟಿತು. ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆಯ ಮೇಲೆ ಜೇನಿನ ಬಣ್ಣದ ಕಲೆ.

ಎಲ್ಲ ಒಮ್ಮೆಗೇ ಕಣ್ಣಿಗೆ ಕಟ್ಟಿತು. ತಾನು ಕಾರ್ಡು ಕಳಚಿಟ್ಟು ಹಸುವಿನ ಹತ್ತಿರ ಹೋದಾಗಲೆಲ್ಲ, ಕಾಯಿಲೆ ಬಿದ್ದ ಕರು ಮೇಜಿನ ಮೇಲೆ ಮಲಗಿದೆಯೆಂದು ಕರುಳು ಚುರ್ ಎಂದು ಅತ್ತೆ ಬಾಣಲೆ ಹಿಡಿದು ಬಂದಿದ್ದಾಳೆ. ಸೀಳು ಬಾಯಿ ತೆರೆದುಕೊಂಡಿದೆ, ಹಲ್ಲುಗಳು ಬರಿಮೈಯಲ್ಲಿವೆ, ಅವುಗಳ ಮೇಲೆ ಹೊಗೆಯ ಅಂಟು ಒಂದೊಂದೇ ಪದರ ಕೂತಿದೆ. ಕೋಣೆ ಬೆಚ್ಚಗಿದ್ದರೆ ಅಂಟು ಮೆತ್ತಗಾಗಿ ಕಾರ್ಡಿನ ಹಲ್ಲು ಸೀಳಿನ ಹಲ್ಲನ್ನು ಮುಟ್ಟುತ್ತದೆ, ಕಾರ್ಡು ಏಳುತ್ತದೆ. ಬೆಳಗಿನ ಚಳಿಗೆ ಅಂಟು ಗಟ್ಟಿಯಾದರೆ ಮಲಗುತ್ತದೆ. ಕೆಲಸದ ಕಾವಿಗೆ ಅಂಟು ಕರಗಿ ಹಲ್ಲುಗಳ ನಡುವೆ ಜಾರಿದರೆ ಪರದೆ ಕಪ್ಪಾಗುತ್ತದೆ. ಮಲಗಿದಷ್ಟೂ ಹೊಗೆ, ಹೊಗೆ ಹಾಕಿದಷ್ಟೂ ಮಲಗುವುದು! ಎರ್ಮೆಕ್ ಹೇಳಿದ್ದು ಸುಳ್ಳಲ್ಲ. ಮನೆಯಲ್ಲೇ ಏನೋ ಇತ್ತು.

ತೊಲ್ಕುನ್ ನಕ್ಕಳು. ನಗುತ್ತಲೇ ಕೈಯಲ್ಲಿದ್ದ ಬಟ್ಟೆಯ ಕಲೆಯನ್ನು ಮತ್ತೆ ನೋಡಿದಳು. ಇದನ್ನು ಹೇಳುವುದು ಹೇಗೆ? ಅತ್ತೆಯ ಹೆಸರನ್ನೇ ಬಾಯಲ್ಲಿ ಎತ್ತಬಾರದ ಸೊಸೆ, "ನಿಮ್ಮ ಆಶೀರ್ವಾದವೇ ರೋಗ" ಎಂದು ಯಾವ ಬಾಯಿಂದ ಹೇಳಿಯಾಳು? ಅದೂ ಕಡಸು ಮಾರಿ ಕೊಟ್ಟವಳಿಗೆ? ಹೇಳುವುದೇ ಬೇಡ, ಗುಟ್ಟಾಗಿ ಒರೆಸಿ, ಚಳಿಯ ಮೇಲೆ ತಪ್ಪು ಹೊರಿಸಿಬಿಡೋಣ ಎಂದು ಅವಳು ತೀರ್ಮಾನಿಸುವುದಕ್ಕೂ ಹೊರಗೆ ವ್ಯಾನು ನಿಲ್ಲುವುದಕ್ಕೂ ಸರಿಹೋಯಿತು.

ಸುರ್ಮಾಕಾನ್ ಇಳಿದಳು. ಹಿಂದೆಯೇ ತಿಲೆಕ್ ಒಂದು ಗೋಣಿಚೀಲ ಇಳಿಸಿದ. ಚೀಲದ ತುಂಬ ಇನ್ನೂ ಹಸಿರು ಆರದ ಹೊಸ ಅರ್ಚಾ.

"ನನ್ನ ತಮ್ಮ ಬೆಟ್ಟ ಹತ್ತಿ ಕಡಿದುಕೊಟ್ಟ ಬಾಲಮ್! ಹಳೇದರಲ್ಲಿ ಸತ್ವ ಇರ್ಲಿಲ್ಲ ಅನ್ಸುತ್ತೆ. ಇವತ್ತು ಹಾಕ್ತೀನಿ ನೋಡು, ಬಾತ್ಮಾನ ಕಣ್ಣು ಚೀನಾ ಗಡಿ ದಾಟಿ ಓಡಬೇಕು."

ಇನ್ನು ಅಡಗಿಸುವ ಮಾತೇ ಇಲ್ಲ. ತೊಲ್ಕುನ್ ಕೈಯಲ್ಲಿದ್ದ ಬಟ್ಟೆಯನ್ನು ಮುಂದೆ ಹಿಡಿದಳು.

"ಏನಿದು?"

"ಕರುವಿನ ಹಲ್ಲಿಂದ ಬಂದಿದ್ದು ಅಪಾ."

ಮುದುಕಿ ಬಟ್ಟೆ ಮೂಸಿದಳು. ಇನ್ನೊಮ್ಮೆ ಮೂಸಿದಳು. ಮೇಜಿನ ಮೇಲೆ ಮಲಗಿದ್ದ ಕಾರ್ಡನ್ನೂ, ಬಾಯ್ತೆರೆದ ಕಂಪ್ಯೂಟರನ್ನೂ, ಮೂಲೆಯಲ್ಲಿದ್ದ ಬಾಣಲೆಯನ್ನೂ ಸರದಿಯಂತೆ ನೋಡಿದಳು. ಅವಳಿಗೆ ಹೇಳಿಕೊಡಬೇಕಾದ್ದು ಏನೂ ಉಳಿಯಲಿಲ್ಲ.

"ನಾನೇನಾ ಮಲಗಿಸಿದ್ದು?" ಅಂದಳು. ದನಿ ಸಣ್ಣದಾಗಿತ್ತು.

"ಮೊದಲ ದಿನ ಹಾಕಿ ಅಂದಿದ್ದು ನಾನೇ ಅಪಾ. ನಂಗೂ ಗೊತ್ತಿರ್ಲಿಲ್ಲ. ನೀವು ಬೇಜಾರು ಮಾಡ್ಕೋಬೇಡಿ, ನಿಮ್ಮ ಕೈ..."

"ಸುಮ್ನಿರು."

ಹೊರಗೆ ಹಸು ಕೂಗಿತು, ಯಾರೂ ಅತ್ತ ಹೋಗಲಿಲ್ಲ. ಆಮೇಲೆ ಸುರ್ಮಾಕಾನಳ ಭುಜ ಅಲುಗಲು ಶುರುವಾಯಿತು. ಅಳುತ್ತಿದ್ದಾಳೆಂದು ಸೊಸೆ ಗಾಬರಿಯಾದಳು. ಅಳುವೆಲ್ಲಿ! ಮುದುಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಅಯ್ಯೋ ನನ್ನ ಪಾಪದ ಕರುವೇ! ನಾನು ಹಲ್ಲಿಗೆ ಅಂಟು ಮೆತ್ತೋದು, ಅದು ಬಾಯಿ ಬಿಡಕ್ಕಾಗ್ದೆ ಮಲಗೋದು, ನಾನು ಇನ್ನಷ್ಟು ಮೆತ್ತೋದು! ನನ್ನ ಅರ್ಚಾದಲ್ಲಿ ಸತ್ವ ಇಲ್ಲ ಅಂದವರ್ಯಾರು? ಮೂಳೆ ತನಕ ಇಳಿದಿದೆ ನೋಡು!" ಕಣ್ಣೊರೆಸಿಕೊಂಡು ತೋಳು ಮೇಲೇರಿಸಿದಳು. "ಬೇಸಿಗೇಲಿ ದನ ಮೇಯಿಸೋ ಜೈಲೂ ಬೆಟ್ಟದಲ್ಲಿ ಗುಡಾರದ ಹಗ್ಗಕ್ಕೂ ಹೀಗೇ ಮಸಿ ಕೂತ್ಕೊಳ್ಳುತ್ತೆ. ಹಾಗಂತ ಬೆಂಕಿ ಆರಿಸ್ತೀವಾ? ಹಗ್ಗ ತೊಳೀತೀವಿ. ಹೇಳು, ಇದನ್ನ ಏನಲ್ಲಿ ತೊಳೀಬೇಕು?"

"ಸ್ಪಿರಿಟ್ಟು ಬೇಕು. ಒಂದು ರಬ್ಬರೂ ಬೇಕು ಅಪಾ, ಸ್ಕೂಲು ಮಕ್ಕಳದ್ದು."

ಸ್ಪಿರಿಟ್ಟು ಎದುರುಮನೆಯ ನರ್ಸಿನಿಂದ ಬಂತು. ರಬ್ಬರಿಗೆ ಸುರ್ಮಾಕಾನ್ ತಾನೇ ಬೇಲಿ ದಾಟಿ ಹೋಗಿ, ಬಾತ್ಮಾಳ ಮಗಳ ಚೀಲದಿಂದ ಎತ್ತಿಕೊಂಡು ಬಂದಳು. ಯಾಕೆಂದು ಬಾತ್ಮಾ ಕೇಳಿದ್ದಕ್ಕೆ, "ಕರುವಿಗೆ ಹಲ್ಲುಜ್ಜೋಕೆ" ಅಂದಳಂತೆ. ಚಿನ್ನದ ಹಲ್ಲುಗಳನ್ನು ಉಜ್ಜಿದವಳೂ ಅವಳೇ. ಹುಟ್ಟಿದ ಕರುವಿನ ಮೂಗು ಕಿವಿ ಒರೆಸಿ ಪಳಗಿದ ಕೈ, ಗಟ್ಟಿಯಾಗಿ ಒತ್ತುತ್ತಿರಲಿಲ್ಲ, ಒಂದು ಹಲ್ಲನ್ನೂ ಬಿಡುತ್ತಿರಲಿಲ್ಲ. ತೊಲ್ಕುನ್ ತೆಳು ಕುಂಚವನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಸೀಳಿನೊಳಗೆ ಆಡಿಸಿದಳು. ಕುಂಚ ಕಂದಾಗಿ ಬಂತು, ಮತ್ತೆ ಕಂದಾಗಿ ಬಂತು, ಕೊನೆಗೆ ಬೆಳ್ಳಗೇ ಬಂತು.

ಎಲ್ಲ ಪೂರ್ತಿ ಒಣಗಿದ ಮೇಲೂ ಅವಳು ಬೆಚ್ಚನೆಯ ಕೋಣೆಯಲ್ಲಿ ಗುಂಡಿ ಒತ್ತಲಿಲ್ಲ. ಬೆಚ್ಚಗಿರುವಾಗ ಏಳುವುದನ್ನು ಅವಳು ಇನ್ನು ನಂಬುವವಳಲ್ಲ. ಕಂಪ್ಯೂಟರನ್ನು ಎತ್ತಿ, ಕುದುರೆ ಮಾಂಸ ತೂಗುಹಾಕುವ ಮುಂಗೋಣೆಯಲ್ಲಿಟ್ಟು, ರಾತ್ರಿಯೆಲ್ಲ ಹಾಗೇ ಬಿಟ್ಟಳು. ಬೆಳಿಗ್ಗೆ ಬಾಲ್ದಿಯ ನೀರಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಅತ್ತೆಯೂ ಸೊಸೆಯೂ ಕೋಟು ಹೊದ್ದು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತರು. ತೊಲ್ಕುನ್ ಒತ್ತಿದಳು.

ಎದ್ದಿತು. ಆರಿಸಿ ಮತ್ತೆ ಒತ್ತಿದರೂ ಎದ್ದಿತು. ಚಹಾ ಕುಡಿದು ಬಂದು ಒತ್ತಿದರೂ ಎದ್ದಿತು. ಸುರ್ಮಾಕಾನ್ ಅಂಗಳಕ್ಕೆ ಓಡಿ, ಬೇಲಿಯ ಕಡೆ ತಿರುಗಿ, "ಎದ್ದಿತೂ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಅಂದಿನಿಂದ ಮನೆಯಲ್ಲಿ ಒಂದು ಹೊಸ ಕಾನೂನು. ಕರುವಿಗೆ ಹೊಗೆಯಿಲ್ಲ, ಕರುವನ್ನು ನೋಡಲು ಬರುವವರಿಗೆ ಹೊಗೆ. ಕಣ್ಣು ಬರುವುದು ಬಾಗಿಲಿನಿಂದ ತಾನೇ? ಬಾಗಿಲಲ್ಲೇ ಅದನ್ನು ತೊಳೆದು ಕಳಿಸಿದರಾಯಿತು. ಮೊದಲ ಸುತ್ತಿಗೆ ಸಿಕ್ಕಿದವಳು ಬಾತ್ಮಾ. ಕೆಮ್ಮಿ ಕೆಮ್ಮಿ ಅವಳ ಟೀಕೆಯೆಲ್ಲ ಗಂಟಲಲ್ಲೇ ಉಳಿಯಿತು.

ಮೇಕೆ ಗಡ್ಡ ತಿಂದು ಮುಗಿಸಿತು. ಹಬ್ಬ ಬಂತು.

ಸಂಸ್ಕೃತಿ ಭವನದ ಹಳೆಯ ಕಂಪ್ಯೂಟರಿಗೆ ಆ ಚಿತ್ರದ ಭಾರ ತಡೆಯುವ ಶಕ್ತಿ ಇರಲಿಲ್ಲ, ಹಾಗಾಗಿ ಕರುವನ್ನೇ ಅಲ್ಲಿಗೆ ಹೊತ್ತುಕೊಂಡು ಹೋಗಬೇಕಾಯಿತು. ಸಭಾಂಗಣ ಗೋರಿಯಷ್ಟು ತಣ್ಣಗಿತ್ತು. ಜನ ಕೋಟು ಟೊಪ್ಪಿ ಬಿಚ್ಚದೆ ಕೂತಿದ್ದರು. ಬಾಗಿಲಲ್ಲಿ ಸುರ್ಮಾಕಾನ್ ಬಾಣಲೆ ಹಿಡಿದು, ಒಳಬರುವ ಒಬ್ಬೊಬ್ಬರಿಗೂ, ಭವನದ ಹಿರಿಯರನ್ನೂ ಬಿಡದೆ, ಹೊಗೆ ಹಾಕಿಯೇ ಬಿಟ್ಟಳು. ಬಾಣಲೆ ಮಾತ್ರ ಹೊಸಿಲು ದಾಟಲಿಲ್ಲ. ಚಿತ್ರ ಶುರುವಾಯಿತು. "ಒಂದಾನೊಂದು ಕಾಲದಲ್ಲಿ ಮೇಕೆಗೆ ಹಸಿವಾಗಿತ್ತು, ಯಾವಾಗ ಆಗಲ್ಲ ಹೇಳಿ?" ಎಂದು ಅವಳ ದನಿ ಗೋಡೆಯಿಂದ ಗೋಡೆಗೆ ತುಂಬಿದಾಗ, ಮಕ್ಕಳು ಹೋ ಎಂದು ನಕ್ಕರು. ತಮ್ಮ ಮಾತಿನಲ್ಲೇ ನಕ್ಕರು.

ಮೇಕೆ ಹಿಮದ ಮುದುಕನ ಮೊಣಕಾಲ ಮೇಲೆ ಹತ್ತಿ ನಿಂತಿತ್ತು. ಅಷ್ಟರಲ್ಲಿ ಅಕ್-ತಾಲಾದ ಯಾರೋ ನೆಂಟರು ಹಿಂದಿನ ಕೋಣೆಯಲ್ಲಿ ಚಹಾಕ್ಕೆ ನೀರು ಕಾಯಿಸುವ ದೊಡ್ಡ ಕರೆಂಟು ಸಮೋವಾರನ್ನು ಪ್ಲಗ್ಗಿಗೆ ಹಾಕಿದರು. ಟಪ್ಪೆಂದಿತು. ಭವನವೆಲ್ಲ ಕತ್ತಲು.

ಯಾರೋ ಎಲ್ಲೆಲ್ಲೋ ಹುಡುಕಿ ಫ್ಯೂಸು ತಂದು ಹಾಕುವಷ್ಟರಲ್ಲಿ ಕಂಪ್ಯೂಟರ್ ಕಲ್ಲಿನಷ್ಟು ತಣ್ಣಗಾಗಿತ್ತು. ದೀಪ ಬಂತು. ಇಡೀ ಸಭೆ ತೊಲ್ಕುನಳ ಕೈಯನ್ನೇ ನೋಡಿತು. ಮುಂದಿನ ಸಾಲಿನಲ್ಲಿದ್ದ ಬಾತ್ಮಾ ಪಕ್ಕದವಳ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಮುಗೀತು, ಮಲಗಿತು" ಅಂದಳು. ತೊಲ್ಕುನ್ ಗುಂಡಿಯ ಮೇಲೆ ಬೆರಳಿಟ್ಟಳು.

ಬಾಗಿಲಿನಿಂದ ದನಿ ಬಂತು: "ಏಳು ನನ್ನ ಕರುವೇ!"

ಜನ ನಕ್ಕರು. ಆಮೇಲೆ ಮಕ್ಕಳು ಶುರುಮಾಡಿದರು, ನೆಂಟರು ಸೇರಿಕೊಂಡರು, ಭವನದ ಹಿರಿಯರೂ ಮರ್ಯಾದೆ ಬಿಟ್ಟು ಕೂಗಿದರು. ಏಳು! ಏಳು! ತೊಲ್ಕುನ್ ಒತ್ತಿದಳು. ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ಇತ್ತು. ಇತ್ತು. ಪಕ್ಕನೆ ಬೆಳಕಾಯಿತು, ತೊಲ್ಕುನ್ ಚಿತ್ರವನ್ನು ನಿಂತಲ್ಲಿಗೆ ಓಡಿಸಿದಳು, ಮೇಕೆ ಬಿಟ್ಟ ಜಾಗದಲ್ಲೇ ಮುದುಕನ ಮೊಣಕಾಲ ಮೇಲೆ ಪ್ರತ್ಯಕ್ಷವಾಗಿ, ಒಂದೇ ಬಾಯಿಗೆ ಗಡ್ಡದ ತುದಿ ಕಚ್ಚಿತು. ಛಾವಣಿ ಹಾರುವ ಹಾಗೆ ಕೂಗೆದ್ದಿತು. ತೊಲ್ಕುನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಬಾತ್ಮಾ ಕೂಡ ಚಪ್ಪಾಳೆ ಹೊಡೆಯುತ್ತಿದ್ದುದನ್ನು ಎಷ್ಟೋ ಜನ ನೋಡಿದ್ದಾರೆ, ಈಗ ಅವಳು ಹೊಡೆದೇ ಇಲ್ಲವೆಂದರೆ ಯಾರೂ ಒಪ್ಪುವುದಿಲ್ಲ.

ಸಂಜೆ ಮನೆ ತುಂಬ ನೆಂಟರು. ತೊಲ್ಕುನ್ ರೂಢಿಯಂತೆ ಬಾಗಿಲ ಬಳಿ, ಚಹಾ ಬಗ್ಗಿಸುವ ಸೊಸೆಯ ಜಾಗದಲ್ಲಿ ಕೂರಲು ಹೋದಳು. ಸುರ್ಮಾಕಾನ್ ಅವಳ ಕೈಯಿಂದ ಚಹಾದ ಕೆಟಲು ಕಿತ್ತುಕೊಂಡಳು.

"ಅಲ್ಲಿ ಹೋಗಿ ಕೂತ್ಕೋ," ಎಂದು ಹಿರಿಯರು ಕೂರುವ, ಬಾಗಿಲಿಗೆ ದೂರದ ಗೋಡೆಯ ಜಾಗ ತೋರಿಸಿದಳು.

"ಅಪಾ, ಅಲ್ಲಿ ನಾನು ಹೇಗೆ..."

"ಕರು ಎಬ್ಬಿಸಿದವಳು ಇವತ್ತು ಅಲ್ಲೇ ಕೂರೋದು. ಬಾತ್ಮಾ, ಸ್ವಲ್ಪ ಸರಿ, ಜಾಗ ಬಿಡು."

ಬಾತ್ಮಾ ಸರಿದಳು. ತೊಲ್ಕುನ್ ನಾಚಿಕೆಯಿಂದ ಕೆಂಪಾಗಿ ಹೋಗಿ ಕೂತಳು. ಸುರ್ಮಾಕಾನ್ ಬಾಗಿಲ ಬಳಿ ಮಂಡಿಯೂರಿ, ಇನ್ನೂ ಅರ್ಚಾ ವಾಸನೆ ಬರುತ್ತಿದ್ದ ತನ್ನ ಕೈಯಿಂದ ಬಟ್ಟಲಿಗೆ ಚಹಾ ಬಗ್ಗಿಸಿ, ಎಲ್ಲ ನೆಂಟರಿಗಿಂತ ಮೊದಲು ಸೊಸೆಗೆ ಕೊಟ್ಟು ಕಳಿಸಿದಳು.